ಎಂದರೆ ಸರಿ

ವಿರಾಜಪೇಟೆಯ ಕೋರ್ಟಿನಲ್ಲಿ ನನ್ನದು ಬೆರಳಿನ ನೌಕರಿ.
ಸಾಹೇಬರು ಹೇಳಿದ್ದನ್ನು ಹೊಡೆಯುತ್ತೇನೆ,
ಹೇಳದ್ದನ್ನು ಹೊಡೆಯುವುದಿಲ್ಲ.
ಅಳು, ಕೆಮ್ಮು, ಗಂಟಲು ಸರಿಮಾಡಿಕೊಂಡದ್ದು,
ಇವಕ್ಕೆ ಕೀಲಿಯಿಲ್ಲ.

ಅರ್ಜಿದಾರಳು ಬೊಳ್ಳಮ್ಮ. ಗೋಣಿಕೊಪ್ಪದ ಹೈಸ್ಕೂಲಿನಲ್ಲಿ
ಹದಿನೇಳು ವರ್ಷ ಗಣಿತ.
ವಕಾಲತ್ತು ಇಲ್ಲ. ತನ್ನ ಪರ ತಾನೇ.
ಯಾಕೆ ಅಂತ ಕಾರಿಡಾರಿನಲ್ಲಿ ಕೇಳಿದ್ದೆ, ಕೇಳಬಾರದಿತ್ತು.
"ಇಲ್ಲಿನ ವಕೀಲರಲ್ಲಿ ಅರ್ಧ ಜನ ಅವನ ಒಕ್ಕಕ್ಕೆ ನೆಂಟರು,
ಉಳಿದರ್ಧ ಅವನೊಡನೆ, ಇಲ್ಲವೇ ಅವನೆದುರು, ಹಾಕಿ ಆಡಿದವರು.
ಮೈಸೂರಿನವರು ವಾಯಿದೆಗೊಮ್ಮೆ ಕಾರಿನ ಬಾಡಿಗೆ ಕೇಳುತ್ತಾರೆ.
ನಿಜ ಹೇಳಲಿಕ್ಕೆ ಎಷ್ಟು ಜನ ಬೇಕು?"
ನಕ್ಕಳು ಕೂಡ.

ಮೂರು ವಾಯಿದೆ ಚೆನ್ನಾಗಿಯೇ ನಿಂತಳು.
ಕೈಯಲ್ಲಿ ಜವಳಿ ಅಂಗಡಿಯ ಚೀಲ, ಅದರಲ್ಲಿ
ಮದುವೆಯ ಫೋಟೊ: ಕೊರಳಲ್ಲಿ ಪತ್ತಾಕ್, ಜೋಮಾಲೆ,
ಎಲ್ಲ ಈಗ ಅತ್ತೆಯ ಲಾಕರಿನಲ್ಲಿ.
ಅಕ್ಕಸಾಲಿಯ ಚೀಟಿಯೂ ಇತ್ತು, ಮಡಿಕೆಯಲ್ಲಿ ಹರಿದು.
ಫೋಟೊ ಎತ್ತಿ ತೋರಿಸಿದಳು,
ಹಿಂದಿನ ಬೆಂಚಿಗೂ ಕಾಣಲಿ ಎಂಬ ಹಾಗೆ.
ಸಾಹೇಬರು ನೋಡಿದರು. ತಲೆಯಾಡಿಸಿದರು.
ಅದು ಮತ್ತೆ ಚೀಲಕ್ಕೇ ಹೋಯಿತು.
ಗುರುತು ಹಾಕಿ ಎಂದು ಅವಳು ಕೇಳಲಿಲ್ಲ.
ನಿ.ಪಿ. ಎಂಬ ಎರಡಕ್ಷರ ಬೀಳದ ಕಾಗದ
ನಮ್ಮ ಕೋರ್ಟಿನಲ್ಲಿ ಹುಟ್ಟಿಯೇ ಇಲ್ಲ.
ನನಗೆ ಗೊತ್ತಿತ್ತು.
ಎದುರು ವಕೀಲರಿಗೂ ಗೊತ್ತಿತ್ತು; ಅವರು ಕನ್ನಡಕ ಒರೆಸಿಕೊಂಡರು.

ಆಮೇಲೆ ಪಾಟೀ ಸವಾಲು.
ಹದಿಮೂರು ವರ್ಷ ಒಂದೇ ಸೊಳ್ಳೆಪರದೆಯೊಳಗೆ ಮಲಗಿದ ಗಂಡನನ್ನು
"ನೀವು" ಎಂದಳು. ಮೊದಲ ಸಲ ಇರಬೇಕು,
ಉತ್ತಯ್ಯ ಹಿಂದೆ ತಿರುಗಿ ನೋಡಿದ, ಯಾರಿಗೆ ಎಂಬಂತೆ.

ನನಗೆ ರಕ್ತ ಹೋದ ರಾತ್ರಿ
ನೀವು ಅಮ್ಮತ್ತಿಯ ಆಸ್ಪತ್ರೆಗೆ ಬರಲಿಲ್ಲ ಎಂದರೆ?
ಸರಿ.
ಹೊಡೆದೆ: ಬರಲಿಲ್ಲ ಎಂದರೆ ಸರಿ.

ಅಲ್ಲಿಗೆ ಕೂರಬೇಕಿತ್ತು.
ನಿನ್ನೆ ಮೊನ್ನೆ ಸನ್ನದು ಪಡೆದ ಹುಡುಗನೂ ಅಲ್ಲಿಗೆ ಕೂರುತ್ತಿದ್ದ,
ಕೂರದಿದ್ದರೆ ಸೀನಿಯರು ಕೋಟಿನ ತುದಿ ಹಿಡಿದು ಎಳೆಯುತ್ತಿದ್ದರು.
ಆದರೆ ಇವಳು ಉತ್ತರಕ್ಕೆ ಒಂದೇ ಅಂಕ ಕೊಡುವವಳು,
ಹಂತಗಳಿಗೆ ಮೂರು.
"ಯಾಕೆ ಬರಲಿಲ್ಲ?" ಎಂದಳು.

ನನ್ನ ಬೆರಳುಗಳು ಕೀಲಿಗಳ ಮೇಲೆ ನಿಂತವು.

ಅವನು ಸುಳ್ಳು ಹೇಳಲಿಲ್ಲ. ಅದೇ ಕಷ್ಟ.
"ಫೋನಿನಲ್ಲಿ ನೀನೇ ಬೋಂಡ ಅಂದೆ."

ಸಾಹೇಬರು ಬೀದರಿನ ಕಡೆಯವರು, ಬಂದು ಎರಡು ತಿಂಗಳು.
"ಬೋಂಡ? ತಿನ್ನುವುದಾ?"
ಎದುರು ವಕೀಲರು ನಕ್ಕರು. ಅಲ್ಲ ಸ್ವಾಮಿ, ಕೊಡವ ಮಾತಿನಲ್ಲಿ ಬೇಡ ಅಂತ.
"ಹಾಗಾದರೆ ಬರೆದುಕೊಳ್ಳಿ:
ಬರುವುದು ಬೇಡ ಎಂದು ಅರ್ಜಿದಾರಳೇ ಹೇಳಿದ್ದರಿಂದ ಹೋಗಲಿಲ್ಲ."

ಅವಳು ಬಾಯಿ ತೆರೆದಳು.
ಆ ಬೋಂಡ ನನಗೂ ಗೊತ್ತು.
ರಾತ್ರಿ ಹನ್ನೊಂದಕ್ಕೆ, ದಾದಿಯ ಫೋನಿನಿಂದ,
ಹಲ್ಲು ಕಚ್ಚಿ ಹೇಳುವ ಬೇಡ.
ಕೇಳಿದವ ಜೀಪಿನ ಕೀಲಿ ಹುಡುಕಬೇಕು, ಹಾಸಿಗೆಯನ್ನಲ್ಲ.
ಇದನ್ನು ಹೇಳಲು ಅವಳು ಕಟಕಟೆಯಲ್ಲಿರಬೇಕಿತ್ತು,
ಕೇಳಲು ಬೇರೊಬ್ಬರು ಬೇಕಿತ್ತು.
ಪ್ರಶ್ನೆ ಕೇಳುವವರ ವಿವರಣೆಗೆ ನನ್ನ ಹಾಳೆಯಲ್ಲಿ ಜಾಗವಿಲ್ಲ.
"ಮುಂದಿನ ಪ್ರಶ್ನೆ" ಎಂದರು ಸಾಹೇಬರು.
ಮುಂದಿನದು ಇರಲಿಲ್ಲ.
ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಸುತ್ತಿದಳು.

ಅಚ್ಚಾಗಿ ಬಂದ ಹಾಳೆ ಇನ್ನೂ ಬೆಚ್ಚಗಿತ್ತು.
ಓದಿ ಹೇಳಿ ಕೇಳಲಾಯಿತು, ಸರಿಯಿದೆ.
ಸಹಿ ಮಾಡಲು ಉತ್ತಯ್ಯ ಜೇಬು ತಡವಿದ. ಪೆನ್ನಿಲ್ಲ.
ಅವಳೇ ತನ್ನದನ್ನು ಚಾಚಿದಳು, ಅಭ್ಯಾಸಬಲ;
ಅವನೂ ನೋಡದೆ ತೆಗೆದುಕೊಂಡ, ಅದೇ ಬಲ.
ಕೆಂಪು ಶಾಯಿ. ನಡೆಯುವುದಿಲ್ಲ.
ನನ್ನ ನೀಲಿ ಪೆನ್ನು ಕೊಟ್ಟೆ.
ಆ ದಿನ ಆ ಕೋಣೆಯಲ್ಲಿ ನಾನು ಮಾಡಿದ ಸಹಾಯ
ಅದೊಂದೇ,
ಅದೂ ಅವನಿಗೆ.